ಫಿಲ್ಟರಿನ ಮರಿ

ದೀಪಾವಳಿಗೆ ಬಂದಿದ್ದ ತಂಗಿಯ ಮಗ ಚೀಲದ ತಳದಿಂದ ಅಂಗೈಯಗಲದ ಸ್ಟೀಲ್ ಸಾಮಾನೊಂದನ್ನು ತೆಗೆದು ಅಡುಗೆಮನೆಯ ಕಟ್ಟೆಯ ಮೇಲಿಟ್ಟ. ಬೆಂಗಳೂರಿನಲ್ಲಿ ಕೆಲಸ ಮಾಡುವ ಹುಡುಗರು ಈಗ ಗೋವಾಕ್ಕೆ ಹೋದಷ್ಟೇ ಸಲೀಸಾಗಿ ವಿಯೆಟ್ನಾಮಿಗೆ ಹೋಗಿ ಬರುತ್ತಾರೆ. ಇವನೂ ಹೋಗಿ ಬಂದಿದ್ದ. ಸಾಮಾನಿನಲ್ಲಿ ನಾಲ್ಕು ಭಾಗ: ಲೋಟದ ಬಾಯಿಗೆ ಕೂರುವ ತೂತಿನ ತಟ್ಟೆ, ಅದರ ಮೇಲೆ ತೂತಿನ ತಳವಿರುವ ಪುಟ್ಟ ಪಾತ್ರೆ, ಪುಡಿಯನ್ನು ಒತ್ತಿ ಹಿಡಿಯಲು ಒಂದು ಬಿಲ್ಲೆ, ಮೇಲೊಂದು ಮುಚ್ಚಳ. "ಇದಕ್ಕ ಫಿನ್ ಅಂತಾರ ಮಾಮಾ, ಹನೋಯಿದಾಗ ಓಣಿಗೊಂದು ಅಂಗಡಿ, ಅಂಗಡಿ ತುಂಬ ಇವ" ಅಂದ.

ಬಾಗಿಲಲ್ಲಿ ನಿಂತಿದ್ದ ಅವ್ವ ಕನ್ನಡಕ ಸರಿಮಾಡಿಕೊಂಡು ನೋಡಿದಳು. "ಇದೇನೋ, ನಿನ್ನ ಹೇಂತಿ ಫಿಲ್ಟರ್ ಮರಿ ಹಾಕಿದಾಂಗ ಐತಲ್ಲೋ" ಎಂದು ನನಗೆ ಅಂದಳು.

ಅವ್ವ ಜನ್ಮದಲ್ಲಿ ಕಾಫಿ ಕುಡಿದವಳಲ್ಲ. ಆದರೆ ಅವಳ ಕಣ್ಣು ಸರಿಯಾಗಿಯೇ ಇತ್ತು. ಫಿನ್ ಎಂಬ ಹೆಸರು ಬಂದಿದ್ದೇ ಫಿಲ್ಟರ್ ಎಂಬುದಕ್ಕಿರುವ ಫ್ರೆಂಚ್ ಮಾತಿನಿಂದ. 1857ರ ಸುಮಾರಿಗೆ ಫ್ರೆಂಚ್ ಪಾದ್ರಿಗಳು ವಿಯೆಟ್ನಾಮಿಗೆ ಕಾಫಿ ಗಿಡ ಒಯ್ದರು. ಎರಡು ಅಂತಸ್ತಿನ ಪಾತ್ರೆಯಲ್ಲಿ ಕಾಫಿಯನ್ನು ತೊಟ್ಟಿಕ್ಕಿಸಿ ಇಳಿಸುವ ಪದ್ಧತಿ ಪ್ಯಾರಿಸ್ಸಿನಲ್ಲಿ 1800ರ ಹೊತ್ತಿಗೇ ಚಾಲ್ತಿಗೆ ಬಂದಿತ್ತು. ವಿಯೆಟ್ನಾಮಿನ ಫಿನ್ ಒಬ್ಬರ ಲೋಟಕ್ಕೆ ಸಾಕಾಗುವ ಪಾತ್ರೆ, ನಮ್ಮ ಫಿಲ್ಟರ್ ಮನೆಮಂದಿಗೆಲ್ಲ ಆಗುವ ಪಾತ್ರೆ. ಕೆಲಸ ಒಂದೇ. ಬಿಸಿನೀರು ತನ್ನ ಭಾರದಿಂದಲೇ ಪುಡಿಯ ನಡುವೆ ಇಳಿಯಬೇಕು, ಹನಿಹನಿಯಾಗಿ ಕೆಳಗೆ ಬೀಳಬೇಕು. ಕರೆಂಟ್ ಬೇಡ, ಕಾಗದ ಬೇಡ, ಯಂತ್ರದ ಒತ್ತಡವೂ ಬೇಡ.

ಹುಡುಗನ ಪ್ರಶ್ನೆ ಬೇರೆಯೇ ಇತ್ತು. ಅಲ್ಲಿಯ ಹಳಬರು ಫಿನ್ ಉಳಿಯುತ್ತದೋ ಇಲ್ಲವೋ ಎಂದು ಚಿಂತಿಸುತ್ತಾರಂತೆ. ಯಾರಿಗೂ ಪುರುಸೊತ್ತಿಲ್ಲ, ಎಲ್ಲರಿಗೂ ಗಡಿಬಿಡಿ. "ಹಂಗಾರ ನಮ್ಮ ಫಿಲ್ಟರ್ ಕಥಿ ಏನ್ ಮಾಮಾ?" ಎಂದು ಕೇಳಿದ. ಅಮೀನಗಡದಲ್ಲಿ ಕೂತು ಕೇಳಬೇಕಾದ ಪ್ರಶ್ನೆಯೇ ಇದು ಎಂದು ಮೊದಲು ನನಗೆ ನಗು ಬಂತು. ಏಕೆಂದರೆ ಇದು ಚಹಾದ ಊರು.

ಬೆಳಗಾವಿ-ರಾಯಚೂರು ರಸ್ತೆಯ ಮೇಲಿನ ಊರು ನಮ್ಮದು. ಐಹೊಳೆಯ ಕಡೆಗೆ ತಿರುಗುವ ದಾರಿ ಇಲ್ಲಿಂದಲೇ. ಬಸ್ಸು ನಿಂತ ಕೂಡಲೇ ಕಿಟಕಿಯಾಚೆ ಕಾಣುವುದು ಕರದಂಟಿನ ಅಂಗಡಿ, ಅದರ ಪಕ್ಕದಲ್ಲಿ ಚಹಾದಂಗಡಿ. ಕುರಿ ಸಂತೆಗೆ ಬಂದವರು ವ್ಯಾಪಾರ ಕುದುರಿಸುವುದು ಚಹಾದ ಮೇಲೆ, ವ್ಯಾಪಾರ ಮುರಿದಾಗ ಸಿಟ್ಟು ಇಳಿಸಿಕೊಳ್ಳುವುದೂ ಚಹಾದ ಮೇಲೆ. 1956ರ ಏಕೀಕರಣದವರೆಗೆ ನಾವು ಮುಂಬೈ ಪ್ರಾಂತದ ವಿಜಾಪುರ ಜಿಲ್ಲೆಯವರು. ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಮುಂಬೈ ನಮಗೆ ಕಲಿಸಿದ ರುಚಿ ಚಹಾದ್ದು. ತಮಾಷೆಯೆಂದರೆ, ಇಂಡಿಯಾ ಕಾಫಿ ಹೌಸ್ ಮೊದಲು ಬಾಗಿಲು ತೆರೆದದ್ದೂ ಅದೇ ಮುಂಬೈಯ ಚರ್ಚ್‌ಗೇಟಿನಲ್ಲಿ, 1936ರಲ್ಲಿ. ಅದರ ಪರಿಮಳ ಮಾತ್ರ ಮಲಪ್ರಭೆಯ ತನಕ ಬರಲಿಲ್ಲ. ದೇಶದ ಕಾಫಿಯಲ್ಲಿ ಸುಮಾರು ನೂರಕ್ಕೆ ಎಪ್ಪತ್ತು ಪಾಲು ಬೆಳೆಯುವ ರಾಜ್ಯ ನಮ್ಮದು. ಅದೇ ರಾಜ್ಯದ ಅರ್ಧಕ್ಕರ್ಧ ಭಾಗ ಬೆಳಗಾದರೆ ಚಹಾ ಸೋಸುತ್ತದೆ. ಕಾಫಿ ಎಂದರೆ ಇಲ್ಲಿಯ ಹಿರಿಯರು ಈಗಲೂ "ಪಿತ್ತ ಏರಸ್ತದ್ರಿ ಅದು" ಎನ್ನುತ್ತಾರೆ.

ಇಲ್ಲಿಗೆ ಫಿಲ್ಟರ್ ಬಂದದ್ದು ವರ್ಗಾವಣೆಯ ಹಾದಿಯಲ್ಲಿ. ಮೈಸೂರು, ಹಾಸನದ ಕಡೆಯ ಮಾಸ್ತರರು, ಬ್ಯಾಂಕಿನ ಮ್ಯಾನೇಜರರು, ಇಂಜಿನಿಯರರು ಟ್ರಂಕಿನಲ್ಲಿ ಹಿತ್ತಾಳೆ ಫಿಲ್ಟರನ್ನು ಸೀರೆಯಲ್ಲಿ ಸುತ್ತಿಕೊಂಡು ಬರುತ್ತಿದ್ದರು. ಅವರು ಬಾಡಿಗೆಗಿದ್ದ ಮನೆಯನ್ನು ಬೆಳಿಗ್ಗೆ ವಾಸನೆಯ ಮೇಲೆಯೇ ಗುರುತು ಹಿಡಿಯಬಹುದಿತ್ತು. ನಮ್ಮ ಮನೆಗೆ ಅದು ಬಂದದ್ದು ಮದುವೆಯ ಹಾದಿಯಲ್ಲಿ. ನನ್ನ ಹೆಂಡತಿ ಸಕಲೇಶಪುರದ ಕಡೆಯವಳು. ಬಂದ ಮೊದಲ ವಾರ ಅವ್ವ ಕೊಟ್ಟ ಚಹಾವನ್ನು ಸುಮ್ಮನೆ ಕುಡಿದಳು. ಎರಡನೇ ವಾರ ತಲೆನೋವು ಎಂದಳು. ಮೂರನೇ ವಾರ ತವರಿನಿಂದ ಬಸ್ಸಿನ ಕಂಡಕ್ಟರ ಕೈಯಲ್ಲಿ ಒಂದು ಪಾರ್ಸೆಲ್ ಬಂತು. ಅದರಲ್ಲಿ ಫಿಲ್ಟರ್ ಇತ್ತು, ಅರ್ಧ ಕೆಜಿ ಪುಡಿಯೂ ಇತ್ತು.

ಆಮೇಲೆ ನಡೆದದ್ದೇ ನಿಜವಾದ ಕಥೆ. ಸಕಲೇಶಪುರದಲ್ಲಿ ಕಣ್ಣು ಮುಚ್ಚಿ ಮಾಡುತ್ತಿದ್ದ ಕಾಫಿ ಅಮೀನಗಡದಲ್ಲಿ ಕೈಗೆ ಸಿಗಲಿಲ್ಲ. ಅದೇ ಪುಡಿ, ಅದೇ ಅಳತೆ, ಅದೇ ಕೈ. ರುಚಿ ಮಾತ್ರ ಸಪ್ಪೆ. ಬಹಳ ದಿನ ಅವಳು ಪುಡಿಯನ್ನೇ ಅನುಮಾನಿಸಿದಳು. ಕಡೆಗೆ ಸಿಕ್ಕಿಬಿದ್ದದ್ದು ನೀರು.

ನಮ್ಮ ಬೋರಿನ ನೀರು ಸವಳು. ಕಾಸಿದ ಪಾತ್ರೆಯ ತಳದಲ್ಲಿ ಸುಣ್ಣದಂಥ ಬಿಳಿ ಪದರ ಕೂರುತ್ತದೆ. ಕಾಫಿಯ ರುಚಿಯಲ್ಲಿ ಹಣ್ಣಿನ ಹುಳಿಯಂಥದೊಂದು ಚುರುಕು ಇರುತ್ತದಲ್ಲ, ಅದು ಆಮ್ಲದ ಗುಣ. ಸವಳು ನೀರಿನಲ್ಲಿ ಕರಗಿರುವ ಲವಣಗಳು ಆ ಆಮ್ಲವನ್ನು ಸುಮ್ಮನಾಗಿಸುತ್ತವೆ. ಅರೇಬಿಕಾ ಬೀಜದ ಹೆಚ್ಚುಗಾರಿಕೆಯೇ ಆ ಚುರುಕು. ಹಾಗಾಗಿ ದುಬಾರಿ ಅರೇಬಿಕಾ ಪುಡಿ ನಮ್ಮೂರ ನೀರಿಗೆ ಬಿದ್ದರೆ ದುಡ್ಡು ದಂಡ. ರೋಬಸ್ಟಾ ಹಾಗಲ್ಲ. ಅದರ ಕಹಿ ದಪ್ಪ, ಗಟ್ಟಿತನ ಹೆಚ್ಚು, ಕೆಫೀನ್ ಹತ್ತಿರ ಹತ್ತಿರ ಇಮ್ಮಡಿ. ಸವಳು ನೀರಿಗೆ ಅದು ಬಗ್ಗುವುದಿಲ್ಲ.

ಹಾಲಿನದು ಇನ್ನೊಂದು ಲೆಕ್ಕ. ಅವಳ ತವರಿನಲ್ಲಿ ಹಸುವಿನ ಹಾಲು, ಇಲ್ಲಿ ಎಮ್ಮೆಯದು. ಹಸುವಿನ ಹಾಲಿನಲ್ಲಿ ನೂರಕ್ಕೆ ಮೂರೂವರೆ-ನಾಲ್ಕು ಪಾಲು ಕೊಬ್ಬಿದ್ದರೆ ಎಮ್ಮೆ ಹಾಲಿನಲ್ಲಿ ಏಳರ ಆಸುಪಾಸು. ಅಷ್ಟು ಕೊಬ್ಬಿನಲ್ಲಿ ತೆಳ್ಳಗಿನ ಡಿಕಾಕ್ಷನ್ ಮುಳುಗಿಯೇ ಹೋಗುತ್ತದೆ. ಅದಕ್ಕೂ ಬೇಕಾದದ್ದು ರೋಬಸ್ಟಾ. ಇದನ್ನು ಬರೆಯುವಾಗ ವಿಯೆಟ್ನಾಮಿನವರ ನೆನಪಾಗುತ್ತದೆ. ಅಲ್ಲಿ ತಾಜಾ ಹಾಲು ಅಪರೂಪವಾಗಿತ್ತು. ಫ್ರೆಂಚರ ಕಾಲದಲ್ಲಿ ಡಬ್ಬಿಯ ಸಿಹಿ ಹಾಲು ರೂಢಿಗೆ ಬಂತು. ಲೋಟದ ತಳಕ್ಕೆ ಎರಡು ಬೆರಳು ಆ ಗಟ್ಟಿ ಹಾಲು ಸುರಿದು, ಮೇಲೆ ಫಿನ್ ಕೂರಿಸಿ, ಕಪ್ಪು ಕಾಫಿಯನ್ನು ಅದರ ಮೇಲೆ ಇಳಿಸುತ್ತಾರೆ. ಆ ಸಿಹಿಯನ್ನೂ ಜಿಡ್ಡನ್ನೂ ಎದುರಿಸಿ ನಿಲ್ಲಲು ಅವರಿಗೂ ಕಡುಗಪ್ಪಾಗಿ ಹುರಿದ ರೋಬಸ್ಟಾವೇ ಬೇಕಾಯಿತು. ಅಲ್ಲಿ ಬೆಳೆಯುವುದೂ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಅದೇ.

ಮೂರನೆಯದು ತೂತು. ಇದನ್ನು ಬರೆಯದಿದ್ದರೆ ಹೆಂಡತಿ ಬಿಡುವುದಿಲ್ಲ. ಫಿಲ್ಟರಿನ ತಳದ ತೂತುಗಳು ಸೂಜಿಮೊನೆಯಷ್ಟು. ಸವಳು ನೀರಿನ ಸುಣ್ಣ, ಕಾಫಿಯ ಎಣ್ಣೆ, ನುಣ್ಣನೆಯ ಪುಡಿ ಮೂರೂ ಸೇರಿ ದಿನಕ್ಕಿಷ್ಟು ಎಂದು ಅವನ್ನು ಮುಚ್ಚುತ್ತಾ ಬರುತ್ತವೆ. ಅರ್ಧ ಗಂಟೆಯಲ್ಲಿ ಇಳಿಯುತ್ತಿದ್ದ ಡಿಕಾಕ್ಷನ್ನಿಗೆ ಮುಕ್ಕಾಲು ಗಂಟೆ ಬೇಕಾಗುತ್ತದೆ, ಆಮೇಲೆ ಎರಡು ಗಂಟೆ. ಒಂದು ಬೆಳಿಗ್ಗೆ ಎದ್ದು ನೋಡಿದರೆ ಮೇಲಿನ ಪಾತ್ರೆಯಲ್ಲಿ ನೀರು ಹಾಗೇ ನಿಂತಿರುತ್ತದೆ, ಕೆಳಗೆ ಒಂದು ಚಮಚವೂ ಇಲ್ಲ. ಆಗ ಅವಳು ಮೇಲಿನ ಪಾತ್ರೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಎಷ್ಟು ಚುಕ್ಕಿ ಹೊಳೆಯುತ್ತವೆಂದು ನೋಡುತ್ತಾಳೆ. ಅರ್ಧ ಆಕಾಶ ಮೋಡ ಕವಿದಿರುತ್ತದೆ. ಪಾತ್ರೆಯನ್ನು ರಾತ್ರಿಯಿಡೀ ಹುಣಸೆಹಣ್ಣಿನ ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಗ್ಯಾಸಿನ ಉರಿಯ ಮೇಲೆ ಇಕ್ಕಳದಲ್ಲಿ ಹಿಡಿದು ಕಾಯಿಸಿ, ಕೂತಿದ್ದ ಪುಡಿ ಸುಟ್ಟು ಉದುರಿದ ಮೇಲೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕುತ್ತಾಳೆ. ಮತ್ತೆ ಬೆಳಕಿಗೆ ಹಿಡಿದರೆ ನಕ್ಷತ್ರಗಳೆಲ್ಲ ಮೂಡಿರುತ್ತವೆ. ಈಗ ಕುಡಿಯುವ ನೀರನ್ನೇ ಹಾಕುತ್ತೇವೆ, ಈ ಕೆಲಸ ವರ್ಷಕ್ಕೆರಡು ಸಲ ಸಾಕು.

ಹೀಗೆ ಊರಿಗೆ ಹೊಂದಿಕೊಂಡೇ ಆ ಫಿಲ್ಟರ್ ನಮ್ಮ ಮನೆಯಲ್ಲಿ ಇಪ್ಪತ್ತು ವರ್ಷ ಬಾಳಿತು. ಪರಂಪರೆ, ಸಂಸ್ಕೃತಿ ಎಂದು ಯಾರೂ ಅದನ್ನು ಉಳಿಸಲಿಲ್ಲ. ಹಾಗಾದರೆ ಅದು ಉಳಿದದ್ದು ಏಕೆ? ಕಾರಣ ನನಗೆ ಹೊಳೆದದ್ದು ಫಿನ್ ನೋಡಿದ ಮೇಲೆ.

ಫಿನ್ ಇಳಿಯಲು ನಾಲ್ಕೈದು ನಿಮಿಷ ಬೇಕು. ಆ ಹೊತ್ತು ಕುಡಿಯುವವನು ಅದರ ಮುಂದೆಯೇ ಕೂತಿರುತ್ತಾನೆ. ಹನೋಯಿಯ ಪಾದಚಾರಿ ದಾರಿಯಲ್ಲಿ ಮೊಣಕಾಲೆತ್ತರದ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಹನಿ ಬೀಳುವುದನ್ನು ನೋಡುವುದು, ಪಕ್ಕದವನೊಡನೆ ಮಾತಾಡುವುದು, ಇಷ್ಟೇ ಆ ಕಾಫಿ. ಅಲ್ಲಿ ಕಾಯುವುದು ಬೀದಿಯಲ್ಲಿ, ಎಲ್ಲರ ಕಣ್ಣೆದುರಿಗೆ ನಡೆಯುತ್ತದೆ. ನಮ್ಮ ಫಿಲ್ಟರ್ ಅರ್ಧ ಗಂಟೆಯಿಂದ ಒಂದು ಗಂಟೆ ತೆಗೆದುಕೊಳ್ಳುತ್ತದೆ, ಆದರೆ ಅದರ ಮುಂದೆ ಯಾರೂ ಕೂರುವುದಿಲ್ಲ. ರಾತ್ರಿ ಪಾತ್ರೆ ತೊಳೆದಾದ ಮೇಲೆ ಪುಡಿ ತುಂಬಿ, ಕುದಿನೀರು ಸುರಿದು, ಮುಚ್ಚಳ ಮುಚ್ಚಿ ದೀಪ ಆರಿಸಿದರೆ ಮುಗಿಯಿತು. ನಾವು ಮಲಗಿರುವಾಗ ಅದು ದುಡಿಯುತ್ತದೆ. ಬೆಳಿಗ್ಗೆ ಹಾಲು ಕಾಯುವುದೇ ತಡ, ಎರಡು ನಿಮಿಷದಲ್ಲಿ ನಾಲ್ಕು ಲೋಟ ತಯಾರು. ಗಡಿಬಿಡಿಯ ಮನೆಗೆ ಇದಕ್ಕಿಂತ ಚುರುಕಾದ ವ್ಯವಸ್ಥೆ ಯಾವುದಿದೆ? ಫಿಲ್ಟರ್ ಕಾಫಿಯನ್ನು ನಿಧಾನದ ಕಾಫಿ ಎಂದು ಹಾಡಿ ಹೊಗಳುವವರು ಬಹುಶಃ ರಾತ್ರಿ ಅದನ್ನು ಹಾಕಿದವರಲ್ಲ.

ರಾತ್ರಿ ಹಾಕುವವರು ಯಾರು ಎಂಬುದು ಅದರ ಹಿಂದೆಯೇ ಬರುವ ಮಾತು. ನೂರು ವರ್ಷ ಆ ಕೆಲಸವನ್ನು ಮನೆಯ ಹೆಂಗಸರು ಮಾಡಿದರು. ಅವರೂ ಬೆಳಿಗ್ಗೆ ಎಂಟಕ್ಕೆ ಶಾಲೆಗೋ ಆಫೀಸಿಗೋ ಹೊರಡುವ ಕಾಲ ಬಂದಾಗ ಮೊದಲು ಅಟ್ಟ ಸೇರಿದ್ದು ಫಿಲ್ಟರ್. ಅದರ ಜಾಗಕ್ಕೆ ಇನ್‌ಸ್ಟಂಟ್ ಪುಡಿಯ ಶೀಷೆ ಬಂತು. ನಂಜನಗೂಡಿನಲ್ಲಿ 1989ರಿಂದ ನೆಸ್ಲೆಯ ಇನ್‌ಸ್ಟಂಟ್ ಕಾಫಿ ಕಾರ್ಖಾನೆಯಿದೆ. ಈಗ ಪ್ಯಾಕೆಟ್ಟಿನಲ್ಲಿ ಸಿದ್ಧ ಡಿಕಾಕ್ಷನ್ ಕೂಡ ಸಿಗುತ್ತದೆ. ಅದನ್ನು ನಾನು ಹಳಿಯುವುದಿಲ್ಲ. ಹೆಂಡತಿಗೆ ಬಾಗಲಕೋಟೆಗೆ ವರ್ಗವಾಗಿ ದಿನಾ ಬಸ್ಸು ಹಿಡಿಯಬೇಕಾಗಿ ಬಂದಾಗ ನಮ್ಮ ಮನೆಯ ಫಿಲ್ಟರೂ ಆರು ತಿಂಗಳು ಮೂಲೆ ಸೇರಿತ್ತು. ಮತ್ತೆ ಕೆಳಗಿಳಿದದ್ದು ನಾನು ಹಾಕಲು ಕಲಿತ ಮೇಲೆ. ಗಂಡಸರು ರಾತ್ರಿ ಹತ್ತು ನಿಮಿಷ ಅಡುಗೆಮನೆಯಲ್ಲಿ ನಿಂತರೆ ಎಷ್ಟೋ ಮನೆಗಳಲ್ಲಿ ಅಟ್ಟ ಖಾಲಿಯಾದೀತು.

ಕಲಿತದ್ದೂ ಸುಲಭವಾಗಿ ಅಲ್ಲ. ಮೊದಲ ರಾತ್ರಿ ಬಿಲ್ಲೆಯನ್ನು ಗಟ್ಟಿಯಾಗಿ ಒತ್ತಿಬಿಟ್ಟೆ, ನೀರು ಇಳಿಯಲೇ ಇಲ್ಲ. ಎರಡನೇ ರಾತ್ರಿ ಒತ್ತಲೇ ಇಲ್ಲ, ಐದು ನಿಮಿಷದಲ್ಲಿ ಕಂದು ನೀರು ಕೆಳಗಿತ್ತು. ಈಗ ಲೆಕ್ಕ ಕೈಗೆ ಬಂದಿದೆ. ನಾಲ್ವರಿಗೆ ಸುಮಾರು 40 ಗ್ರಾಂ ಪುಡಿ, 200 ಮಿಲಿಲೀಟರ್ ನೀರು. ಪುಡಿ ತನ್ನ ತೂಕದ ಎರಡರಷ್ಟು ನೀರನ್ನು ತಾನೇ ಹಿಡಿದಿಟ್ಟುಕೊಳ್ಳುತ್ತದೆ, ಉಳಿದ 120 ಮಿಲಿಲೀಟರ್ ಕೆಳಗಿಳಿಯುತ್ತದೆ. ಮೊದಲು ಎರಡು ಚಮಚ ನೀರು ಚಿಮುಕಿಸಿ ಅರ್ಧ ನಿಮಿಷ ಬಿಡಬೇಕು. ಪುಡಿ ತಾಜಾ ಇದ್ದರೆ ಆಗ ಉಸಿರೆಳೆದಂತೆ ಉಬ್ಬುತ್ತದೆ. ಹುರಿದಾಗ ಬೀಜದೊಳಗೆ ಉಳಿದ ಗಾಳಿ ಹೊರಬರುವ ಸಂಭ್ರಮ ಅದು. ಉಬ್ಬದೆ ಕೆಸರಿನಂತೆ ಕೂತರೆ ಪುಡಿ ಹಳತಾಗಿದೆ ಎಂದೇ ಅರ್ಥ, ಪ್ಯಾಕೆಟ್ಟಿನ ಮೇಲೆ ಏನೇ ಬರೆದಿರಲಿ. ಬೇಸಿಗೆಯ ನಲವತ್ತು ಡಿಗ್ರಿಯಲ್ಲಿ ಮಧ್ಯಾಹ್ನದ ಹೊತ್ತಿಗೆ ಡಿಕಾಕ್ಷನ್ ಹುಳಿಯುತ್ತದೆ, ಆದ್ದರಿಂದ ಬೆಳಿಗ್ಗೆ ಉಳಿದದ್ದು ಕೂಡಲೇ ಫ್ರಿಜ್ಜಿಗೆ.

ನನ್ನ ಕೇಳಿದರೆ ಫಿಲ್ಟರಿನ ಶತ್ರು ಗಡಿಬಿಡಿಯೂ ಅಲ್ಲ, ಇನ್‌ಸ್ಟಂಟೂ ಅಲ್ಲ. ಕೆಟ್ಟ ಪುಡಿ. ಒಮ್ಮೆ ತವರಿನ ಪಾರ್ಸೆಲ್ ತಡವಾಗಿ ಊರಿಂದಾಚೆಯ ಒಂದು ಅಂಗಡಿಯಲ್ಲಿ ಪ್ಯಾಕೆಟ್ ತಂದೆ. ಡಿಕಾಕ್ಷನ್ ಡಾಂಬರಿನಂತೆ ಕಪ್ಪಗೆ ಇಳಿಯಿತು. ಬಣ್ಣ ನೋಡಿ ಹಿಗ್ಗಿದೆ. ಬಾಯಿಗಿಟ್ಟರೆ ಸುಟ್ಟ ಬೆಲ್ಲದ ಕಹಿ, ಕಾಫಿಯ ಸುಳಿವಿಲ್ಲ. ಪ್ಯಾಕೆಟ್ ತಿರುಗಿಸಿ ಸಣ್ಣಕ್ಷರ ಓದಿದೆ: ಕಾಫಿ 53, ಚಿಕೋರಿ 47. ಅಂಗಡಿಯವನು ಮೋಸ ಮಾಡಿರಲಿಲ್ಲ. ಮಿಶ್ರಣದಲ್ಲಿ ಕಾಫಿ ಕನಿಷ್ಠ 51 ಪಾಲಿದ್ದರೆ ಸಾಕು, ಪ್ರಮಾಣವನ್ನು ಮೇಲೆ ಬರೆಯಬೇಕು ಎನ್ನುವುದೇ ನಿಯಮ. ಚಿಕೋರಿ ಒಂದು ಗಿಡದ ಬೇರು. ಗುಜರಾತ್, ಉತ್ತರ ಪ್ರದೇಶಗಳಲ್ಲಿ ಬೆಳೆಯುತ್ತಾರೆ. ಅದರಲ್ಲಿ ಕೆಫೀನ್ ಇಲ್ಲ, ಆದರೆ ಬಣ್ಣ ಕೊಡುತ್ತದೆ, ನೀರು ಹೀರಿ ಉಬ್ಬಿ ಇಳಿಯುವಿಕೆಯನ್ನು ನಿಧಾನ ಮಾಡುತ್ತದೆ. ಹತ್ತಿಪ್ಪತ್ತು ಪಾಲು ಇದ್ದರೆ ಎಮ್ಮೆ ಹಾಲಿನ ಜೊತೆ ಚೆನ್ನಾಗಿಯೇ ಹೊಂದುತ್ತದೆ, ನಮ್ಮ ಮನೆಯದು 85:15. ಅರ್ಧಕ್ಕರ್ಧ ಸುರಿದದ್ದನ್ನು ಕಾಫಿ ಎಂದು ಕರೆಯಲು ನಾಲಗೆ ಬರುವುದಿಲ್ಲ. ಬಾಬಾಬುಡನ್‌ಗಿರಿ, ಚಿಕ್ಕಮಗಳೂರು, ಕೊಡಗಿನ ಅರೇಬಿಕಾಗಳಿಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ಒಳ್ಳೆಯದೇ. ಆದರೆ ದೇಶದ ಕಾಫಿಯಲ್ಲಿ ದೊಡ್ಡ ಪಾಲು ಹೊರದೇಶಕ್ಕೆ ಹೋಗುತ್ತದೆ, ಹಳ್ಳಿಯ ಅಂಗಡಿಗೆ ಬರುವುದು 53:47.

ಈಚೆಗೆ ಬೆಲೆಯದೂ ತಕರಾರು. 2024ರಲ್ಲಿ ಲಂಡನ್ ಪೇಟೆಯಲ್ಲಿ ರೋಬಸ್ಟಾ ಟನ್ನಿಗೆ 5,000 ಡಾಲರ್ ದಾಟಿತು. ವಿಯೆಟ್ನಾಮಿನ ಗುಡ್ಡಗಾಡಿನಲ್ಲಿ ಮಳೆ ಕೈಕೊಟ್ಟಿತ್ತು. ಅಲ್ಲಿಯ ಎಷ್ಟೋ ರೈತರು ಚೀನಾಕ್ಕೆ ಹಣ್ಣು ಮಾರಿದರೆ ಲಾಭ ಹೆಚ್ಚೆಂದು ಕಾಫಿ ಕಿತ್ತು ಡುರಿಯನ್ ಹಾಕಿದ್ದರು. ಕಾಫಿ ಬೆಳೆಯುವುದರಲ್ಲಿ ಬ್ರೆಜಿಲ್ ಬಿಟ್ಟರೆ ಆ ದೇಶವೇ ಎರಡನೆಯದು, ರೋಬಸ್ಟಾದಲ್ಲಿ ಮೊದಲನೆಯದು. ಅಲ್ಲಿ ಫಸಲು ತಗ್ಗಿದರೆ ಸಕಲೇಶಪುರದ ಬೆಳೆಗಾರನ ಮುಖ ಅರಳುತ್ತದೆ, ಅಮೀನಗಡದ ನನ್ನ ಮುಖ ಬಾಡುತ್ತದೆ. ಭಾವಮೈದುನ ಫೋನಿನಲ್ಲಿ ಖುಷಿಯಿಂದ ದರ ಹೇಳುತ್ತಿದ್ದರೆ ನಾನು ಡಬ್ಬಿಯಲ್ಲಿ ಉಳಿದ ಪುಡಿಯ ಲೆಕ್ಕ ಹಾಕುತ್ತಿದ್ದೆ.

ಹೊರಗಿನ ಅಂಗಡಿಗಳ ಕಥೆ ಎರಡೂ ದೇಶಗಳಲ್ಲಿ ಜೊತೆಜೊತೆಗೇ ನಡೆಯಿತು. ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇ ಶುರುವಾದದ್ದು 1996ರಲ್ಲಿ. ವಿಯೆಟ್ನಾಮಿನ ಕಾಫಿ ಪೇಟೆ ಬುವಾನ್ ಮಾ ಥುವಾತ್‌ನಲ್ಲಿ ಚುಂಗ್ ಗುಯೆನ್ ಎಂಬ ಕಂಪನಿ ಹುಟ್ಟಿದ್ದೂ ಅದೇ ವರ್ಷ. ನಮ್ಮವರು ಇಟಲಿಯ ಕ್ಯಾಪುಚಿನೋ ತಂದು ಹುಡುಗರನ್ನು ಕರೆದರು. ಅವರು ತಮ್ಮ ಫಿನ್ನನ್ನೇ ಮುಂದಿಟ್ಟುಕೊಂಡು ಹೋದರು. ಅಲ್ಲಿಯವರಿಗೆ ಕೊರತೆಯನ್ನೇ ರುಚಿ ಮಾಡಿಕೊಳ್ಳುವ ಗುಣವೂ ಇದೆ. 1946ರಲ್ಲಿ ಹಾಲು ಸಿಗದಿದ್ದಾಗ ಹನೋಯಿಯ ಮೆಟ್ರೊಪೋಲ್ ಹೋಟೆಲಿನಲ್ಲಿ ಕೆಲಸಕ್ಕಿದ್ದ ಗುಯೆನ್ ವಾನ್ ಜಾಂಗ್ ಮೊಟ್ಟೆಯ ಹಳದಿಯನ್ನು ಸಕ್ಕರೆಯೊಂದಿಗೆ ನೊರೆಯಾಗಿ ಕಡೆದು ಕಾಫಿಯ ಮೇಲೆ ಹಾಕಿದ. ಅವನ ಮನೆತನದ ಅಂಗಡಿ ಈಗಲೂ ನಡೆಯುತ್ತಿದೆ. ನಮ್ಮಲ್ಲಿ ಫಿಲ್ಟರ್ ಕಾಫಿ ಬೀದಿಗೆ ಮರಳಿದ್ದು ದರ್ಶಿನಿಗಳ ಮೂಲಕ, ನಿಂತೇ ಕುಡಿದು ಹೊರಡುವ ಬೈಟು ಕಾಫಿಯಾಗಿ. ಅದು ನನಗೆ ಇಷ್ಟ. ಹಿತ್ತಾಳೆ ಲೋಟ-ಬಟ್ಟಲಿನಲ್ಲಿ ಇಟ್ಟು, ಪಕ್ಕಕ್ಕೊಂದು ಹೂವಿಟ್ಟು ಇನ್ನೂರು ರೂಪಾಯಿ ಬಿಲ್ ಕೊಡುವ ಜಾಗಗಳು ಇಷ್ಟವಿಲ್ಲ. ಅಲ್ಲಿ ಕೊಳ್ಳುವುದು ಕಾಫಿಯನ್ನಲ್ಲ, ಅಜ್ಜಿಯ ನೆನಪನ್ನು. ಅದೂ ಬೇರೆಯವರ ಅಜ್ಜಿಯ ನೆನಪು.

ಹಳೆಯದು ಬಾಳುವ ಬಗೆ ನೋಡಲು ನಮ್ಮೂರಿನವರು ದೂರ ಹೋಗಬೇಕಿಲ್ಲ. 1907ರಿಂದ ನಡೆದು ಬಂದ ಕರದಂಟಿನ ಅಂಗಡಿ ಇಲ್ಲಿದೆ. ಕರಿದ ಅಂಟು, ಅದೇ ಕರದಂಟು. ತುಪ್ಪದಲ್ಲಿ ಅಂಟು ಬಿದ್ದೊಡನೆ ಚಟಚಟ ಎಂದು ಅರಳುತ್ತದೆ, ಅದಕ್ಕೆ ಬೆಲ್ಲದ ಪಾಕ, ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ. ಬಾಣಂತಿಗೂ ಪೈಲ್ವಾನನಿಗೂ ಮಾಡುತ್ತಿದ್ದ ತಿನಿಸು ಬಸ್ ಪ್ರಯಾಣಿಕನ ಕೈಯ ಪೊಟ್ಟಣವಾಯಿತು. ಪೊಟ್ಟಣದ ಅಳತೆ ಬದಲಾಯಿತು, ಮಾರುವ ಜಾಗ ಬದಲಾಯಿತು. ಅಂಟು ಬದಲಾಗಲಿಲ್ಲ. ಅಂಟು ಬಿಟ್ಟು ಸಕ್ಕರೆ ಹೆಚ್ಚಿಸಿದ್ದರೆ ಅದು ಇನ್ನೊಂದು ಬರ್ಫಿಯಾಗಿ, ಐಹೊಳೆಗೆ ಹೋಗುವವರು ಇಲ್ಲಿ ಇಳಿಯುತ್ತಲೇ ಇರಲಿಲ್ಲ. ಕಾಫಿಯಲ್ಲಿ ಆ ಅಂಟಿನ ಜಾಗದಲ್ಲಿರುವುದು ಪುಡಿ. ಫಿಲ್ಟರ್ ಹಿತ್ತಾಳೆಯದೋ ಸ್ಟೀಲಿನದೋ, ಹಾಕಿದವರು ಅವಳೋ ನಾನೋ, ನಡೆಯುತ್ತದೆ.

ಫಿನ್ನಿನ ಕಥೆ ಉಳಿಯಿತು. ಹುಡುಗ ಅದಕ್ಕೆ ನಮ್ಮ ಡಬ್ಬಿಯ ಪುಡಿಯನ್ನೇ ಹಾಕಿ, ಬಿಸಿನೀರು ಸುರಿದು, ಕೈಕಟ್ಟಿ ಎದುರಿಗೆ ಕೂತ. ಏಳೆಂಟು ಹನಿ ಬಿದ್ದವು. ಆಮೇಲೆ ನಿಂತವು. ಫಿನ್ನಿಗೆ ಬೇಕಾದದ್ದು ತುಸು ತರಿ ಪುಡಿ, ನಮ್ಮದು ನುಣ್ಣಗೆ, ಮೇಲೆ ಚಿಕೋರಿ ಬೇರೆ. ಅವನು ಲೋಟ ಅಲ್ಲಾಡಿಸಿದ, ಬಿಲ್ಲೆ ಎತ್ತಿ ನೋಡಿದ, ಊದಿದ. ಕಾಲು ಗಂಟೆ ಕಳೆಯಿತು. ಹೆಂಡತಿ ಒಳಗಿನಿಂದ ರಾತ್ರಿಯ ಡಿಕಾಕ್ಷನ್ ತಂದು ಹಾಲು ಬೆರೆಸಿ ಲೋಟವೊಂದನ್ನು ಅವನ ಕೈಗೆ ಕೊಟ್ಟಳು.

ಹೋಗುವಾಗ ಅವನು ಫಿನ್ನನ್ನು ಮರೆತೋ, ಬೇಕೆಂದೋ ಇಲ್ಲೇ ಬಿಟ್ಟು ಹೋದ. ಈಗ ಅದು ಅವ್ವನ ವಶದಲ್ಲಿದೆ. ಶುಂಠಿ ಜಜ್ಜಿ ಹಾಕಿದ ಚಹಾ ಕುದಿಸಿ, ಅದನ್ನು ಲೋಟದ ಮೇಲೆ ಕೂರಿಸಿ ಸೋಸುತ್ತಾಳೆ. "ಹಳೇ ಸೋಸಣಿಗಿಗಿಂತ ಇದು ಛಲೋ ಐತಿ, ಒಂದ್ ಕಣಾ ಇಳಿಯಂಗಿಲ್ಲ ನೋಡು" ಎಂದು ಓಣಿಯವರಿಗೆಲ್ಲ ತೋರಿಸಿದ್ದಾಳೆ.